ಕಾಕಾನ ಡಿಸ್ಕ್‌ಗಳಿಗಾಗಿ ಕೊಂಡ ರೆಕಾರ್ಡರ್

ನಮ್ಮ ಕಾಕಾ ದುಬೈಯಲ್ಲಿದ್ದಾಗ ಒಂದು ಮಿನಿಡಿಸ್ಕ್ ರೆಕಾರ್ಡರ್, ಅಂದರೆ ಪ್ಲಾಸ್ಟಿಕ್ ಕವಚದೊಳಗಿನ ಪುಟ್ಟ ಡಿಸ್ಕಿನಲ್ಲಿ ದನಿ ಹಿಡಿದಿಡುವ ಯಂತ್ರ, ಕೊಂಡಿದ್ದರು. ರಜೆಗೆ ಮುಧೋಳಕ್ಕೆ ಬಂದಾಗಲೆಲ್ಲ ಅಮಾವಾಸ್ಯೆ ಭಜನೆಯಲ್ಲಿ ಅಜ್ಜ ಹಾಡಿದ್ದನ್ನು ಅದರಲ್ಲಿ ಹಿಡಿದಿಟ್ಟರು. ಅಜ್ಜ ಹೋದರು, ಯಂತ್ರವೂ ಕೆಟ್ಟಿತು. ಟ್ರಂಕಿನಲ್ಲಿ ಉಳಿದದ್ದು ಒಂಬತ್ತು ಡಿಸ್ಕ್. ಅವನ್ನು ಕೇಳಬೇಕು, ಈಗ ಹಾಡುವವರನ್ನೂ ಹಾಗೇ ಹಿಡಿದಿಡಬೇಕು ಎಂದು ಹಳೇ ರೆಕಾರ್ಡರ್ ಹುಡುಕಲು ಕೂತೆ. ಹೊಸದು ಸಿಗುವ ಮಾತಿಲ್ಲ. 1992ರಲ್ಲಿ ಮಿನಿಡಿಸ್ಕ್ ತಂದ ಸೋನಿ, 2025ರ ಫೆಬ್ರವರಿಯಲ್ಲಿ ಖಾಲಿ ಡಿಸ್ಕ್ ಮಾಡುವುದನ್ನೂ ನಿಲ್ಲಿಸಿತು.

ಅಗ್ಗಕ್ಕೆ ಸಿಕ್ಕಿತೆಂದು ಒಂದನ್ನು ತರಿಸಿದೆ. ಕಂಪ್ಯೂಟರಿನಿಂದ ಹಾಡು ತುಂಬಿಕೊಳ್ಳುವುದು ಅದಕ್ಕೆ ಬರುತ್ತಿತ್ತು, ಆದರೆ ಮೈಕ್ ಚುಚ್ಚಲು ತೂತೇ ಇರಲಿಲ್ಲ. ಅಜ್ಜನ ದನಿಯಂತೂ ಬಂತು. ಅವತ್ತೇ ಕಾಕಾಗೆ ಫೋನ್ ಹಚ್ಚಿ ಕೇಳಿಸಿದೆ, ಇಬ್ಬರೂ ಬಹಳ ಹೊತ್ತು ಮಾತಾಡಲಿಲ್ಲ.

ಎರಡನೇ ಸಲ, ಮೈಕ್ ಎಂದು ಬರೆದ ತೂತು ಫೋಟೋದಲ್ಲಿ ಕಾಣುವವರೆಗೂ ದುಡ್ಡಿನ ಮಾತೆತ್ತಲಿಲ್ಲ. ಮಾರುವವರು 'ಹಾಡು ಕೇಳ್ತದ' ಎಂದರೆ ಸಾಲದು. ಓದುವುದು ಬರೀ ಲೇಸರ್ ಕೆಲಸ. ಬರೆಯುವಾಗ ಲೇಸರ್ ಕೆಳಗಿನಿಂದ ಡಿಸ್ಕನ್ನು ಕಾಯಿಸುತ್ತದೆ, ಮೇಲಿನಿಂದ ಪುಟ್ಟದೊಂದು ಅಯಸ್ಕಾಂತದ ಹೆಡ್ ಇಳಿದು ಗುರುತು ಮೂಡಿಸುತ್ತದೆ. ಆ ಹೆಡ್ ಮುರಿದಿದ್ದರೂ ಹಳೇ ಹಾಡು ಚಂದವಾಗಿಯೇ ಕೇಳುತ್ತದೆ. ಅದಕ್ಕೇ ಮಾರುವವರಿಗೆ, ಎರಡು ನಿಮಿಷ ರೆಕಾರ್ಡ್ ಮಾಡಿ, ಡಿಸ್ಕ್ ತೆಗೆದು, ಮತ್ತೆ ಹಾಕಿ ಕೇಳಿಸುವ ವಿಡಿಯೋ ಕಳಿಸಿ ಎಂದೆ. ಇಬ್ಬರು ಉತ್ತರವನ್ನೇ ಕೊಡಲಿಲ್ಲ. ಮೂರನೆಯವರು ಕಳಿಸಿದರು.

ಹಾಗೆ ಬಂದದ್ದು ಸೋನಿಯ ಎಂಝಡ್-ಎನ್707. ಎಷ್ಟೋ ಮಾದರಿಗಳಿಗೆ ಚೂಯಿಂಗ್ ಗಮ್ ಪಟ್ಟಿಯಂಥ ಚಪ್ಪಟೆ ಬ್ಯಾಟರಿ ಬೇಕು, ಒಳ್ಳೆಯದು ಈಗ ಸಿಗುವುದು ಕಷ್ಟ. ಇದಕ್ಕೆ ಒಂದೇ ಪೆನ್ಸಿಲ್ ಸೆಲ್ ಸಾಕು, ಯಾವ ಹಳ್ಳಿಯ ಕಿರಾಣಿ ಅಂಗಡಿಯಲ್ಲೂ ಸಿಗುತ್ತದೆ. ಎಲ್‌ಪಿ2 ಎಂಬ ದುಪ್ಪಟ್ಟು ಹೊತ್ತಿನ ವಿಧಾನಕ್ಕೆ ಇಟ್ಟರೆ 80 ನಿಮಿಷದ ಡಿಸ್ಕಿನಲ್ಲಿ 160 ನಿಮಿಷ ಹಿಡಿಸುತ್ತದೆ. ಆ ವಿಧಾನ ಬಂದದ್ದೇ 2000ರಲ್ಲಿ. ಅದಕ್ಕಿಂತ ಮುಂಚಿನ ಯಂತ್ರ ಕೊಂಡಿದ್ದರೆ ಕಾಕಾ ಎಲ್‌ಪಿ2ನಲ್ಲಿ ತುಂಬಿದ ಡಿಸ್ಕ್‌ಗಳು ದನಿಯನ್ನೇ ಕೊಡುತ್ತಿರಲಿಲ್ಲ. ಮೈಕಿನಿಂದ ಹಿಡಿದದ್ದನ್ನು ಯುಎಸ್‌ಬಿ ತಂತಿಯಲ್ಲಿ ನೇರ ಕಂಪ್ಯೂಟರಿಗೆ ಇಳಿಸಲು 2006ರ ಎಂಝಡ್-ಆರ್‌ಎಚ್1 ಇದೆ. ಅದರ ಬೆಲೆ ನನ್ನ ಕೈಗೆಟಕಲಿಲ್ಲ. ನಾನು ಹೆಡ್‌ಫೋನ್ ತೂತಿನಿಂದ ಲ್ಯಾಪ್‌ಟಾಪಿಗೆ ತಂತಿ ಹಾಕಿ, ಹಾಡು ಮುಗಿಯುವವರೆಗೂ ಕೂತು ಇಳಿಸಿಕೊಳ್ಳುತ್ತೇನೆ.

ಮೊದಲ ಅಮಾವಾಸ್ಯೆ ಭಜನೆಯಲ್ಲಿ ಲೆವೆಲ್ಲನ್ನು, ಅಂದರೆ ದನಿಯನ್ನು ಎಷ್ಟು ಜೋರಾಗಿ ಹಿಡಿಯಬೇಕೆಂಬುದನ್ನು, ಯಂತ್ರಕ್ಕೇ ಬಿಟ್ಟಿದ್ದೆ. ದಮ್ಮಡಿ ಬಡಿದಾಗಲೆಲ್ಲ ಹಾಡುವವರ ದನಿ ಕುಸಿದು, ಮತ್ತೆ ಮೆಲ್ಲಗೆ ಮೇಲೇಳುತ್ತಿತ್ತು. ಮುಂದಿನ ತಿಂಗಳು ಲೆವೆಲ್ ಕೈಯಿಂದಲೇ ಇಟ್ಟೆ. ಡಿಸ್ಕ್ ತಿರುಗುವ ಗಿರ್ ಸದ್ದು ಸೇರದಂತೆ ಯಂತ್ರವನ್ನು ಮೈಕಿನಿಂದ ದೂರ, ಟವೆಲ್ ಮೇಲೆ ಇಟ್ಟೆ. ಪದ ಸ್ವಚ್ಛ ಬಂತು.

ರೆಕಾರ್ಡಿಂಗ್ ನಿಲ್ಲಿಸಿದ ಮೇಲೆ, ಯಾವ ಹಾಡು ಡಿಸ್ಕಿನಲ್ಲಿ ಎಲ್ಲಿದೆ ಎಂಬ ಪಟ್ಟಿಯನ್ನು ಯಂತ್ರ ಬರೆದು ಮುಗಿಸಬೇಕು. ಆ ಹೊತ್ತಿಗೆ ಸೆಲ್ ಕಿತ್ತರೆ ಹಾಡಿದ್ದೆಲ್ಲ ಹೋಗುತ್ತದೆ. ಅಂದು ಹಾರ್ಮೋನಿಯಂ ಮುಚ್ಚುತ್ತಿದ್ದ ಹಿರಿಯರು ಬಗ್ಗಿ ನೋಡಿ ಕೇಳಿದರು: "ಆತೇನ ತಮ್ಮಾ?"

"ಇನ್ನೂ ಬರೀಲಿಕ್ಕತ್ತೈತ್ರಿ ಅಜ್ಜಾರ, ಒಂದ್ ಸ್ವಲ್ಪ ತಡೀರಿ."

ಪಕ್ಕದಲ್ಲೇ ಕೂತು ಅವರೂ ಆ ಸಣ್ಣ ಪರದೆಯನ್ನು ನೋಡುತ್ತಿದ್ದರು.