ಯುಗಾದಿಯಿಂದ ಬನದ ಹುಣ್ಣಿಮೆಯವರೆಗೆ

ತಾಯಿ ಕಾರ್ಡಿನಲ್ಲಿ ಎರಡು ದಿನಾಂಕಗಳಿಗೆ ಜಾಗವಿರುತ್ತದೆ. ಒಂದು ಕಡೆಯ ಮುಟ್ಟಿನ ಮೊದಲ ದಿನ, ಇನ್ನೊಂದು ಹೆರಿಗೆಯ ನಿರೀಕ್ಷಿತ ದಿನ. ಎರಡನೆಯದನ್ನು ಬರೆಯಲು ನನಗೆ ಅರ್ಧ ನಿಮಿಷ ಸಾಕು. ಮೊದಲನೆಯದಕ್ಕಾಗಿ ಕೆಲವರ ಮನೆಯ ಪಡಸಾಲೆಯಲ್ಲಿ ಅರ್ಧ ಗಂಟೆ ಕುಳಿತಿದ್ದೇನೆ. ಬಾದಾಮಿ ಸೀಮೆಯ ಹಳ್ಳಿಗಳಲ್ಲಿ ಆರೋಗ್ಯ ಸಹಾಯಕಿಯಾಗಿ ಇಷ್ಟು ವರ್ಷ ದುಡಿದ ಮೇಲೆ ನನಗೆ ಖಚಿತವಾಗಿರುವುದು ಇದು: ಹೆರಿಗೆಯ ದಿನ ತಪ್ಪುವುದು ಲೆಕ್ಕದಲ್ಲಲ್ಲ, ಕೇಳುವ ರೀತಿಯಲ್ಲಿ.

ಲೆಕ್ಕ ಸುಲಭ. ಮುಟ್ಟಾದ ಮೊದಲ ದಿನಕ್ಕೆ ಒಂಬತ್ತು ತಿಂಗಳು, ಏಳು ದಿನ ಕೂಡಿಸಬೇಕು. ನೇಗಲೆ ಎಂಬ ಜರ್ಮನ್ ವೈದ್ಯನ ಹೆಸರಿನಲ್ಲಿ ತರಬೇತಿಯಲ್ಲಿ ಕಲಿಸಿದ ಸೂತ್ರವಿದು. ಒಟ್ಟು 280 ದಿನ, ಅಂದರೆ 40 ವಾರ. ಮುಟ್ಟು 28 ದಿನಕ್ಕೊಮ್ಮೆ ಬರುತ್ತದೆ ಎಂದು ಹಿಡಿದು ಮಾಡಿದ ಲೆಕ್ಕವಾದ್ದರಿಂದ 35 ದಿನಕ್ಕೊಮ್ಮೆ ಆಗುವವರಿಗೆ ಇನ್ನೊಂದು ವಾರ ಸೇರಿಸುತ್ತೇನೆ.

ಈ ನಲವತ್ತು ವಾರಗಳಲ್ಲಿ ಮೊದಲ ಎರಡು ವಾರ ಗರ್ಭವೇ ನಿಂತಿರುವುದಿಲ್ಲ. ಮುಟ್ಟಿನ ದಿನ ನೆನಪಿರುತ್ತದೆ, ಗರ್ಭ ನಿಂತ ದಿನ ತಿಳಿಯುವುದಿಲ್ಲ, ಅದಕ್ಕಾಗಿ ಅಲ್ಲಿಂದಲೇ ಎಣಿಸುತ್ತೇವೆ. ಇದನ್ನು ನಾನು ಹೆಂಡತಿಗೆ ಮಾತ್ರವಲ್ಲ, ಗಂಡನಿಗೂ ಬಿಡಿಸಿ ಹೇಳುತ್ತೇನೆ. ನಮ್ಮ ಕಡೆಯ ಗಂಡಸರು ಗೋವಾ, ಮಂಗಳೂರು ಎಂದು ಕಟ್ಟಡ ಕೆಲಸಕ್ಕೆ ಹೋಗಿ ಹಬ್ಬಕ್ಕೆ ಊರಿಗೆ ಬರುತ್ತಾರೆ. ಒಮ್ಮೆ ಒಬ್ಬ ಹುಡುಗ ಸ್ಕ್ಯಾನಿಂಗ್ ಚೀಟಿ ಹಿಡಿದು ಉಪಕೇಂದ್ರದ ಬಾಗಿಲಲ್ಲಿ ನಿಂತಿದ್ದ. ಚೀಟಿಯಲ್ಲಿ ಎಂಟು ವಾರ ಎಂದಿತ್ತು. ಅವನು ಊರಿಗೆ ಬಂದು ಆರೇ ವಾರವಾಗಿತ್ತು. ಅವನು ಬಾಯಿ ಬಿಟ್ಟು ಕೇಳಲಿಲ್ಲ, ಮುಖದಲ್ಲೇ ಎಲ್ಲ ಇತ್ತು. ಕ್ಯಾಲೆಂಡರ್ ಕೆಳಗಿಳಿಸಿ, ಬೆರಳಿಟ್ಟು ಎಣಿಸಿ ತೋರಿಸಿದೆ. ಎಂಟು ವಾರ ಎಂದರೆ ಗರ್ಭ ನಿಂತು ಆರು ವಾರ ಎಂದು ಎರಡು ಸಲ ಹೇಳಿದೆ. ಅವನು ಅಲ್ಲೇ ಮೆಟ್ಟಿಲ ಮೇಲೆ ಕುಳಿತುಬಿಟ್ಟ. ಆ ಎರಡು ವಾರಗಳ ವಿಷಯವನ್ನು ಯಾರೂ ಹೇಳದೆ ಹೋದರೆ ಒಂದು ಸಂಸಾರವೇ ಒಡೆಯಬಹುದು. ಅಂದಿನಿಂದ ಯಾವ ಮನೆಯಲ್ಲೂ ಇದನ್ನು ಹೇಳದೆ ಬಂದಿಲ್ಲ.

ದಿನ ಕೇಳುವಾಗ ಎಡವುವುದು ಎಲ್ಲಿ? ಹಲವರು ಹೇಳುವುದು ತಲೆಗೆ ನೀರು ಹಾಕಿಕೊಂಡ ದಿನವನ್ನು. ಅಲ್ಲಿಗೆ ನಾಲ್ಕೈದು ದಿನ ಹೋಯಿತು. ಇನ್ನು ಕೆಲವರು ಮುಟ್ಟು ನಿಂತ ತಿಂಗಳಿಂದ ಎಣಿಸುತ್ತಾರೆ. “ನನಗೆ ಈಗ ಎರಡು ತಿಂಗಳು ಅಕ್ಕಾ” ಎಂದವಳಿಗೆ ನಮ್ಮ ಲೆಕ್ಕದಲ್ಲಿ ಮೂರು ನಡೆಯುತ್ತಿರುತ್ತದೆ. ತಾರೀಖು ನೆನಪಿಲ್ಲದವರನ್ನು ನಾನು ತಾರೀಖು ಕೇಳುವುದೇ ಇಲ್ಲ. ಹಬ್ಬ ಕೇಳುತ್ತೇನೆ. ನಾಗರ ಪಂಚಮಿಗೆ ಉಂಡೆ ಕಟ್ಟುವಾಗ ಒಳಗಿದ್ದೆಯೋ ಹೊರಗಿದ್ದೆಯೋ? ಮಹಾನವಮಿ ಅಮಾವಾಸ್ಯೆಗೆ ಪೂಜೆಗೆ ಕೂತಿದ್ದೆಯಾ? ದೇವರ ಕೆಲಸಕ್ಕೆ ಅಡ್ಡಬಂದ ಮುಟ್ಟು ಯಾರಿಗೂ ಮರೆಯುವುದಿಲ್ಲ.

ಅಮಾವಾಸ್ಯೆಯ ಲೆಕ್ಕ ಬಸಿರಿಗೆ ಚೆನ್ನಾಗಿ ಹೊಂದುತ್ತದೆ. ಚಾಂದ್ರಮಾನದ ತಿಂಗಳು ಇಪ್ಪತ್ತೊಂಬತ್ತೂವರೆ ದಿನ. ಅಂತಹ ಒಂಬತ್ತೂವರೆ ತಿಂಗಳೆಂದರೆ ಹೆಚ್ಚುಕಡಿಮೆ 280 ದಿನ. ಅಮಾವಾಸ್ಯೆಯ ಆಸುಪಾಸು ಮುಟ್ಟಾದವಳಿಗೆ ಹುಣ್ಣಿಮೆಯ ಆಸುಪಾಸು ಹೆರಿಗೆ. ಯುಗಾದಿ ಪಾಡ್ಯದಂದು ಮುಟ್ಟಾಗಿದ್ದರೆ ದಿನ ತುಂಬುವುದು ಬನದ ಹುಣ್ಣಿಮೆಗೆ, ನಮ್ಮ ಬನಶಂಕರಿ ತೇರಿಗೆ. ಹಬ್ಬದ ಹೆಸರಿನಲ್ಲಿ ಹೇಳಿದರೆ ಅತ್ತೆಯರು ತಕ್ಷಣ ಒಪ್ಪುತ್ತಾರೆ. ಆದರೆ ಅಧಿಕ ಮಾಸ ಬಂದ ವರ್ಷ ಇದೇ ಲೆಕ್ಕ ಕೈಕೊಡುತ್ತದೆ. 2023ರಲ್ಲಿ ಅಧಿಕ ಶ್ರಾವಣ ಬಂದಿತ್ತು. ಆ ಯುಗಾದಿ ಮಾರ್ಚ್ 22ಕ್ಕೆ, ಸೂತ್ರದ ಪ್ರಕಾರ ದಿನ ಡಿಸೆಂಬರ್ 29. ಬನದ ಹುಣ್ಣಿಮೆ ಬಂದದ್ದು ಜನವರಿ 25ಕ್ಕೆ. “ತೇರಿಗೆ ಇನ್ನೂ ಒಂದು ತಿಂಗಳಿದೆ” ಎಂದು ಕುಳಿತರೆ ಅಪಾಯ. ಅದಕ್ಕೆ ಹಬ್ಬವನ್ನು ಕೇಳಿ ತಿಳಿದರೂ ಕಾರ್ಡಿಗೆ ಬರೆಯುವುದು ತಾರೀಖನ್ನೇ.

ನನ್ನ ದೊಡ್ಡ ತಪ್ಪನ್ನೂ ಹೇಳಬೇಕು. ಎರಡನೆಯ ಬಸಿರಿನ ಹೆಂಗಸೊಬ್ಬಳು ತಾರೀಖನ್ನು ಸ್ಪಷ್ಟವಾಗಿ ಹೇಳಿದಳು, ನಾನು ಬರೆದುಕೊಂಡೆ. ದೂರವೆಂದು ಮೊದಲ ಸ್ಕ್ಯಾನಿಂಗಿಗೆ ಹೋಗಿರಲಿಲ್ಲ. ಮುಂದೆ ನನ್ನ ಲೆಕ್ಕಕ್ಕೆ 24 ವಾರವಾದಾಗ ಹೊಟ್ಟೆ 28 ವಾರದ್ದಾಗಿತ್ತು. ಮನೆಯವರು ಅವಳಿ ಎಂದರು. ನನಗೂ ಅದೇ ಅನುಮಾನ. ತಾಲ್ಲೂಕು ಆಸ್ಪತ್ರೆಯ ವೈದ್ಯೆ ಅವಳನ್ನು ಕೇಳಿದ್ದು ಒಂದೇ ಮಾತು: “ಆ ಸಲ ಎಂದಿನಷ್ಟೇ ಹೋಗಿತ್ತೇ?” ಇಲ್ಲ, ಒಂದು ದಿನ ಸ್ವಲ್ಪ ಕಲೆ ಕಂಡಿತ್ತು, ಅಷ್ಟೇ. ಅದು ಮುಟ್ಟಾಗಿರಲಿಲ್ಲ. ಗರ್ಭ ನಿಂತ ಮೇಲೆ ಕೆಲವರಿಗೆ ಹೀಗೆ ತುಸು ರಕ್ತ ಕಾಣುತ್ತದೆ. ನಿಜವಾದ ಮುಟ್ಟು ಅದಕ್ಕೂ ಒಂದು ತಿಂಗಳು ಹಿಂದಿನದು. ತಿದ್ದಿದ ದಿನಕ್ಕೆ ಮೂರು ದಿನ ಮೊದಲೇ ಅವಳು ಹೆತ್ತಳು. ನನ್ನ ತಾರೀಖನ್ನು ನಂಬಿದ್ದರೆ ಆ ಹೊತ್ತಿಗೆ ಅವಳು ಹೊಲದಲ್ಲಿ ಶೇಂಗಾ ಕೀಳುತ್ತಿರುತ್ತಿದ್ದಳು. ಈಗ ನಾನು ದಿನದ ಜೊತೆಗೆ ಕೇಳುವ ಮಾತುಗಳು ಮೂರು. ಎಂದಿನಷ್ಟು ದಿನ ಹೋಯಿತೇ, ಅದಕ್ಕೂ ಹಿಂದಿನದು ಯಾವಾಗ, ಮೊಲೆ ಹಾಲು ಕುಡಿಯುವ ಕೂಸಿದೆಯೇ. ಹಾಲೂಡಿಸುವಾಗ ಮುಟ್ಟು ಮರಳುವ ಮೊದಲೇ ಬಸಿರಾದವರಿಗೆ ಹೇಳಲು ತಾರೀಖೇ ಇರುವುದಿಲ್ಲ.

ಅಂಥವರಿಗೆ ಕೈಯೇ ಅಳತೆ. ಮೊದಲು ಮೂತ್ರ ಮಾಡಿ ಬರಲು ಹೇಳುತ್ತೇನೆ, ಮೂತ್ರಚೀಲ ತುಂಬಿದ್ದರೆ ಗರ್ಭ ಇರುವುದಕ್ಕಿಂತ ಮೇಲೆ ಸಿಗುತ್ತದೆ. ಎಡಗೈಯ ಅಂಚನ್ನು ಎದೆಗೂಡಿನ ಕೆಳಗಿನಿಂದ ಮೆಲ್ಲಗೆ ಇಳಿಸುತ್ತಾ ಬಂದರೆ ಗರ್ಭಕೋಶದ ತುದಿ ತಗಲುತ್ತದೆ. 12 ವಾರಕ್ಕೆ ಅದು ಕಿಬ್ಬೊಟ್ಟೆಯ ಮೂಳೆಯ ಮೇಲಷ್ಟೇ ಇಣುಕುತ್ತದೆ, 20ರ ಹೊತ್ತಿಗೆ ಹೊಕ್ಕುಳ ಹತ್ತಿರ, 36ಕ್ಕೆ ಎದೆಗೂಡಿನ ಕೆಳಗೆ. 24 ವಾರ ದಾಟಿದ ಮೇಲೆ ಟೇಪಿನ ಸೆಂಟಿಮೀಟರುಗಳು ಹೆಚ್ಚುಕಡಿಮೆ ವಾರಗಳೇ, ಎರಡು ಅತ್ತಿತ್ತ. ಕೊನೆಯ ವಾರಗಳಲ್ಲಿ ಕೂಸಿನ ತಲೆ ಕೆಳಗಿಳಿದು ಹೊಟ್ಟೆ ಜಾರುತ್ತದೆ, ಉಸಿರು ಹಗುರಾಯಿತು ಎಂದು ಅವರೇ ಹೇಳುತ್ತಾರೆ.

ಕೂಸು ಮೊದಲು ಮಿಸುಕಿದ ದಿನವೂ ಗುರುತಿಗೆ ಬರುತ್ತದೆ. ಚೊಚ್ಚಲ ಬಸುರಿಗೆ 18ರಿಂದ 20 ವಾರ, ಹೆತ್ತು ಅನುಭವವಿದ್ದವರಿಗೆ ಎರಡು ವಾರ ಮುಂಚೆ. ನನಗೆ ಈ ದಿನ ಬಹಳ ಇಷ್ಟ. ಮೊದಲ ಮೂರು ತಿಂಗಳು ವಾಂತಿಯಿಂದ ಬಸವಳಿದ ಹುಡುಗಿ, ಈ ನಡು ತಿಂಗಳುಗಳಲ್ಲಿ ಉಣ್ಣತೊಡಗುತ್ತಾಳೆ, ಕುಬಸದ ಸೀರೆಯ ಮಾತಾಡುತ್ತಾಳೆ. ಕಬ್ಬಿಣದ ಮಾತ್ರೆ ನುಂಗಿಸಲು ಇದೇ ಒಳ್ಳೆಯ ಕಾಲ. ಕೊನೆಯ ಮೂರು ತಿಂಗಳಲ್ಲಿ ಅದೇ ಮಿಸುಕಾಟ ಕಡಿಮೆಯಾದರೆ ಮರುದಿನದವರೆಗೆ ಕಾಯದೆ ಆಸ್ಪತ್ರೆಗೆ ಹೋಗಿರಿ ಎಂದು ಪ್ರತಿ ಮನೆಯಲ್ಲೂ ಹೇಳುತ್ತೇನೆ.

ದಿನ ಗೊತ್ತುಮಾಡಲು 14 ವಾರದೊಳಗಿನ ಸ್ಕ್ಯಾನಿಂಗ್ ಎಲ್ಲಕ್ಕಿಂತ ನಂಬಿಕೆಯದು. ಆಗ ಎಲ್ಲ ಕೂಸುಗಳೂ ಒಂದೇ ಬಗೆಯಲ್ಲಿ ಬೆಳೆಯುವುದರಿಂದ ತಲೆಯಿಂದ ಕುಂಡಿಯವರೆಗಿನ ಉದ್ದ ನೋಡಿ ಒಂದು ವಾರದೊಳಗಿನ ವ್ಯತ್ಯಾಸದಲ್ಲಿ ದಿನ ಹೇಳಬಹುದು. ಎಂಟನೆಯ ತಿಂಗಳ ಸ್ಕ್ಯಾನಿಂಗಿನಲ್ಲಿ ಮೂರು ವಾರ ಹೆಚ್ಚುಕಡಿಮೆ ಆಗಬಹುದು. ಆಗ ಕೂಸು ಚಿಕ್ಕದಾಗಿ ಕಂಡರೆ ದಿನ ಮುಂದಕ್ಕೆ ಹೋಯಿತೆಂದು ಮನೆಯವರು ಸಮಾಧಾನಪಡುತ್ತಾರೆ. ಅದು ಬೆಳವಣಿಗೆ ಕುಂದಿದ ಕೂಸೂ ಆಗಿರಬಹುದು. ಮೊದಲ ಸ್ಕ್ಯಾನಿಂಗಿನಲ್ಲಿ ಖಚಿತವಾದ ತಾರೀಖನ್ನು ಆಮೇಲೆ ಬದಲಿಸಲು ನಾನು ಬಿಡುವುದಿಲ್ಲ, ಈ ವಿಷಯದಲ್ಲಿ ಜಗಳವನ್ನೂ ಆಡಿದ್ದೇನೆ.

ಇಷ್ಟೆಲ್ಲ ಮಾಡಿ ಬರೆದ ದಿನವೇ ಹೆರುವವರು ನೂರಕ್ಕೆ ನಾಲ್ಕೈದು ಮಂದಿ ಮಾತ್ರ. 37 ವಾರ ತುಂಬಿದ ಮೇಲೆ ಯಾವ ದಿನವಾದರೂ ಬರಬಹುದು. ದಿನ ಕಳೆದೂ ನೋವು ಬಾರದಿದ್ದರೆ ಮನೆಯಲ್ಲಿ ಕೂರಬಾರದು.

ಚೊಚ್ಚಲದವರು ಏಳನೆಯ ತಿಂಗಳಿಗೆ ತವರಿಗೆ ಹೋಗುತ್ತಾರೆ. ಹೊರಡುವ ಮುನ್ನ ಕಾರ್ಡ್ ತರಿಸಿ ತಾರೀಖಿನ ಪಕ್ಕದಲ್ಲಿ ಹಬ್ಬವನ್ನೂ ಬರೆಯುತ್ತೇನೆ, ಅಲ್ಲಿನ ಆಶಾ ಕಾರ್ಯಕರ್ತೆಗೆ ಫೋನ್ ಮಾಡುತ್ತೇನೆ. 2024ರ ಯುಗಾದಿಯ ದಿನ, ಏಪ್ರಿಲ್ 9ರಂದು, ಮುಟ್ಟಾಗಿದ್ದ ಹುಡುಗಿಗೆ “16-01-2025, ಬನದ ಹುಣ್ಣಿಮೆ ಕಳೆದು ಮೂರನೆಯ ದಿನ” ಎಂದು ಬರೆದುಕೊಟ್ಟಿದ್ದೆ. ಜನವರಿ 20ಕ್ಕೆ ಹೆತ್ತಳು. ಹದಿನಾಲ್ಕನೆಯ ವಾರದ ಸೂಜಿಗೆ ಮಗನನ್ನು ಎತ್ತಿಕೊಂಡು ನಮ್ಮ ಉಪಕೇಂದ್ರಕ್ಕೇ ಬಂದಳು. ಚುಚ್ಚಿಸಿ, ಅತ್ತ ಮಗುವನ್ನು ಸಂತೈಸಿ, ಕಾರ್ಡ್ ಮುಂದೆ ಹಿಡಿದಳು. “ಮುಂದಿನದು ಯಾವ ಹಬ್ಬಕ್ಕೆ ಬರುತ್ತದೆ ಅಕ್ಕಾ?” ಕ್ಯಾಲೆಂಡರ್ ಮಗುಚಿ ನೋಡಿದೆ. ಒಂಬತ್ತು ತಿಂಗಳು ತುಂಬುವುದು ಅಕ್ಟೋಬರ್ 20ಕ್ಕೆ. ದಡಾರದ ಸೂಜಿ ಎಂಬುದರ ಎದುರು ದೀಪಾವಳಿ ಎಂದು ಬರೆದೆ.