ಕಾರಿನಲ್ಲಿ ಆಂಪ್ಲಿಫೈಯರ್ ಎಲ್ಲಿ ಕೂರಿಸಬೇಕು?

ಆಂಪ್ಲಿಫೈಯರ್ ಕೊಳ್ಳುವಾಗ ವ್ಯಾಟ್ ಲೆಕ್ಕ ಹಾಕುವವರೇ ಎಲ್ಲ. ಅದನ್ನು ಕೂರಿಸುವ ಜಾಗದ ಲೆಕ್ಕ ಹಾಕುವವರು ಕಡಿಮೆ. ಡಿಕ್ಕಿಯ ಯಾವುದೋ ಮೂಲೆಗೆ ತುರುಕಿದ ಆಂಪ್ ಅರ್ಧ ಗಂಟೆ ಹಾಡಿ ಬಂದ್ ಆಗುತ್ತದೆ, ಹತ್ತು ನಿಮಿಷ ಬಿಟ್ಟು ತಾನಾಗಿಯೇ ಮತ್ತೆ ಶುರುವಾಗುತ್ತದೆ. ಆಂಪ್ ಕೆಟ್ಟಿದೆ ಎಂದು ಅಂಗಡಿಗೆ ಒಯ್ಯುವ ಮೊದಲು ನೋಡಬೇಕಾದದ್ದು ಅದರ ಸುತ್ತಲಿನ ಜಾಗವನ್ನು. ಬಿಸಿ ಹೊರಹೋಗಲು ದಾರಿಯಿಲ್ಲದಿದ್ದರೆ ಆಂಪ್ ತನ್ನನ್ನು ಕಾಪಾಡಿಕೊಳ್ಳಲು ತಾನೇ ನಿಲ್ಲುತ್ತದೆ.

1. ಎಷ್ಟು ಬಿಸಿಯಾಗುತ್ತದೆ ಎಂದು ತಿಳಿದುಕೊಳ್ಳಿ

ಆಂಪ್ ಕ್ಲಾಸ್ ಎಬಿ ಬಗೆಯದೋ ಕ್ಲಾಸ್ ಡಿ ಬಗೆಯದೋ ಮೊದಲು ನೋಡಿ. ಎರಡೂ 300 ವ್ಯಾಟ್ (ಆರ್‌ಎಂಎಸ್, ಅಂದರೆ ಸತತವಾಗಿ ಕೊಡಬಲ್ಲ ಶಕ್ತಿ) ಹೊರಗೆ ಕೊಡುತ್ತಿವೆ ಎಂದುಕೊಳ್ಳೋಣ. ಶೇ 55ರಷ್ಟು ದಕ್ಷತೆಯ ಎಬಿ ಆಂಪ್ ಬ್ಯಾಟರಿಯಿಂದ ಸುಮಾರು 545 ವ್ಯಾಟ್ ಎಳೆಯುತ್ತದೆ. ಅದರಲ್ಲಿ 245 ವ್ಯಾಟ್ ಬರೀ ಶಾಖವಾಗುತ್ತದೆ. ಶೇ 85ರಷ್ಟು ದಕ್ಷತೆಯ ಡಿ ಆಂಪ್‌ನಲ್ಲಿ ಶಾಖ 53 ವ್ಯಾಟ್ ಮಾತ್ರ. ಹಾಡು ಪೂರ್ತಿ ಶಕ್ತಿಯನ್ನು ಸದಾ ಬೇಡುವುದಿಲ್ಲ, ಹಾಗಾಗಿ ನಿಜವಾದ ಶಾಖ ಇದಕ್ಕಿಂತ ಕಡಿಮೆ ಇರುತ್ತದೆ. ಎರಡರ ನಡುವಿನ ಅಂತರ ಮಾತ್ರ ಹೋಗುವುದಿಲ್ಲ. ಆದ್ದರಿಂದ ಚಿಕ್ಕ ಕ್ಲಾಸ್ ಡಿ ಆಂಪ್ ಸೀಟಿನ ಕೆಳಗೆ ಬದುಕುತ್ತದೆ. ದೊಡ್ಡ ರೆಕ್ಕೆಗಳಿರುವ (ಬಿಸಿ ಹೊರಹಾಕುವ ಲೋಹದ ಪಟ್ಟಿಗಳಿರುವ) ಎಬಿ ಆಂಪ್‌ಗೆ ತೆರೆದ ಜಾಗವೇ ಬೇಕು.

2. ರಟ್ಟಿನಲ್ಲಿ ಅಳತೆ ಕತ್ತರಿಸಿ

ಆಂಪ್‌ನ ಉದ್ದ–ಅಗಲಕ್ಕೆ ರಟ್ಟು ಕತ್ತರಿಸುವವರು ವೈರ್ ಬರುವ ಬದಿಯನ್ನು ಮರೆತುಬಿಡುತ್ತಾರೆ. ದಪ್ಪ ಪವರ್ ವೈರ್ ಮುರುಟದೆ ಬಾಗಬೇಕಾದರೆ ಆ ಬದಿಯಲ್ಲಿ 8–10 ಸೆಂ.ಮೀ. ಬೇಕು. ಉಳಿದ ಬದಿಗಳಲ್ಲಿ ಮತ್ತು ಮೇಲೆ ಕನಿಷ್ಠ 3–5 ಸೆಂ.ಮೀ. ಗಾಳಿಗೆ ಬಿಡಿ. ಫ್ಯಾನ್ ಇರುವ ಆಂಪ್ ಆದರೆ ಫ್ಯಾನಿನ ಬಾಯಿ ಯಾವ ಕಡೆ ಎಂದು ರಟ್ಟಿನ ಮೇಲೆಯೇ ಗುರುತು ಹಾಕಿ. ಸ್ಟೀರಿಯೋಗೆ ತಕ್ಕಂತೆ ಆಂಪನ್ನು ಹೊಂದಿಸುವ ಗೇನ್ ತಿರುಗಣೆಗಳ ಬದಿಯನ್ನೂ ಗುರುತಿಸಿ. ಸ್ಕ್ರೂಡ್ರೈವರ್ ಹೋಗದ ಕಡೆ ಆಂಪ್ ಕೂರಿಸಿದರೆ ಪ್ರತಿ ಹೊಂದಾಣಿಕೆಗೂ ಎಲ್ಲವನ್ನೂ ಬಿಚ್ಚಬೇಕಾಗುತ್ತದೆ.

3. ಜಾಗಗಳನ್ನು ಒಂದೊಂದಾಗಿ ನೋಡಿ

ಮುಂದಿನ ಸೀಟಿನ ಕೆಳಗೆ: ಸ್ಟೀರಿಯೋ ಹತ್ತಿರ, ವೈರ್ ಕಡಿಮೆ, ಡಿಕ್ಕಿ ಪೂರ್ತಿ ಖಾಲಿ. ಇಷ್ಟವಾಗುವ ಜಾಗವೇ, ಆದರೆ ಮೋಸ ಹೋಗುವುದೂ ಇಲ್ಲಿಯೇ. ಖಾಲಿ ಸೀಟಿನ ಕೆಳಗೆ ಅಳೆದ ಎತ್ತರ ಸುಳ್ಳು. ದಪ್ಪನೆಯವರೊಬ್ಬರನ್ನು ಕೂರಿಸಿ, ಸೀಟನ್ನು ಅತಿ ಕೆಳಕ್ಕೆ ಇಳಿಸಿ, ಹಳಿಯ ಮೇಲೆ ಪೂರ್ತಿ ಮುಂದಕ್ಕೂ ಪೂರ್ತಿ ಹಿಂದಕ್ಕೂ ಸರಿಸಿ. ಸ್ಪ್ರಿಂಗ್ ಜಗ್ಗಿ ಬರುವ ಮಟ್ಟವನ್ನು ಆಗ ಅಳೆಯಿರಿ. 5 ಸೆಂ.ಮೀ. ಎತ್ತರದ ಆಂಪ್‌ಗೆ, ಕೆಳಗಿನ ಬ್ರಾಕೆಟ್ ಸೇರಿ, ಆಗಲೂ ಕನಿಷ್ಠ 9–10 ಸೆಂ.ಮೀ. ಉಳಿದಿರಬೇಕು. ಹಿಂದಿನ ಸೀಟಿನವರ ಕಾಲಿಗೆ ಬಿಸಿಗಾಳಿ ಬಿಡುವ ಕೊಳವೆ ಇದೆಯೇ ನೋಡಿ. ಇದ್ದರೆ ಹೀಟರ್ ಹಾಕಿದಾಗಲೆಲ್ಲ ಆಂಪ್ ಬೇಯುತ್ತದೆ. ಹಳದಿ ಬಣ್ಣದ ಕನೆಕ್ಟರ್ ಕಂಡರೆ ಅದು ಏರ್‌ಬ್ಯಾಗಿನದು. ಅದನ್ನು ಎಳೆಯಬೇಡಿ, ಅದರ ವೈರ್ ಆಂಪ್‌ನ ಅಂಚಿಗೆ ಉಜ್ಜದಂತೆ ನೋಡಿಕೊಳ್ಳಿ. ಸೀಟು ಬಿಚ್ಚಲೇಬೇಕಾದರೆ ಮೊದಲು ಬ್ಯಾಟರಿಯ ನೆಗೆಟಿವ್ ಕಳಚಿ, ಕಾರಿನ ಕೈಪಿಡಿ ಹೇಳುವಷ್ಟು ಹೊತ್ತು ಕಾದು ಮುಂದುವರಿಯಿರಿ. ನೀರಿನ ವಿಷಯವೂ ಇದೆ. ಒದ್ದೆ ಚಪ್ಪಲಿಯಿಂದ ಇಳಿಯುವ ನೀರು ಕಾರ್ಪೆಟ್ ಸೇರುತ್ತದೆ. ಎಸಿಯ ನೀರು ಹೋಗುವ ಕೊಳವೆ ಕಟ್ಟಿಕೊಂಡರೆ ಒಳಗಿನ ನೆಲದ ಮೇಲೇ ನೀರು ನಿಲ್ಲುತ್ತದೆ. ಹಾಗಾಗಿ ಆಂಪ್ ನೆಲಕ್ಕೆ ತಾಗಬಾರದು, 1–2 ಸೆಂ.ಮೀ. ಎತ್ತರದ ಬ್ರಾಕೆಟ್ ಮೇಲೆ ನಿಲ್ಲಲಿ.

ಡಿಕ್ಕಿಯಲ್ಲಿ, ಹಿಂದಿನ ಸೀಟಿನ ಬೆನ್ನಿಗೆ: ದೊಡ್ಡ ಆಂಪ್‌ಗೆ ನಮ್ಮ ಮೊದಲ ಆಯ್ಕೆ ಇದು. ಆಂಪ್ ನೆಟ್ಟಗೆ ನಿಲ್ಲುತ್ತದೆ. ರೆಕ್ಕೆಗಳ ಸಾಲು ಮೇಲಿಂದ ಕೆಳಕ್ಕೆ ಬರುವಂತೆ ತಿರುಗಿಸಿದರೆ ಬಿಸಿಗಾಳಿ ಅವುಗಳ ನಡುವೆ ತಾನಾಗಿ ಮೇಲೇರುತ್ತದೆ. ಸೀಟು ಮಡಚುವ ಕಾರಾದರೆ ವೈರ್‌ಗಳಲ್ಲಿ ಸಡಿಲು ಬಿಡಿ, ಇಲ್ಲದಿದ್ದರೆ ಮಡಚಿದಾಗ ಟರ್ಮಿನಲ್ ಕಿತ್ತು ಬರುತ್ತದೆ. ಸಾಮಾನು ಜಾರಿ ಬಂದು ಆಂಪ್‌ಗೆ ಬಡಿಯದಂತೆ ಮುಂದೆ ಒಂದು ಜಾಲರಿ ಇರಲಿ. ಕಂಬಳಿ, ಚೀಲ ಹೊದಿಸುವ ಅಭ್ಯಾಸ ಇರುವ ಮನೆಯಲ್ಲಂತೂ ಜಾಲರಿ ಬೇಕೇ ಬೇಕು.

ಡಿಕ್ಕಿಯ ಪಕ್ಕದ ಗೋಡೆಯೂ ಒಳ್ಳೆಯದೇ, ಪ್ಲಾಸ್ಟಿಕ್ ಹೊದಿಕೆಯ ಹಿಂದೆ ಬಚ್ಚಿಡದಿದ್ದರೆ. ಸ್ಟೆಪ್ನಿ ಗುಂಡಿ ಕಣ್ಣಿಗೆ ಕಾಣದ ಜಾಗ, ಆದರೆ ಡಿಕ್ಕಿಗೆ ನುಗ್ಗಿದ ನೀರು ಕೊನೆಗೆ ನಿಲ್ಲುವುದೂ ಅಲ್ಲೇ. ಪಾರ್ಸೆಲ್ ಟ್ರೇ (ಹಿಂದಿನ ಗಾಜಿನ ಬಳಿಯ ಹಲಗೆ) ಕೆಳಗೆ ತಲೆಕೆಳಗಾಗಿ ನೇತುಹಾಕಬೇಡಿ: ರೆಕ್ಕೆಗಳು ಕೆಳಗೆ, ಸರ್ಕ್ಯೂಟ್ ಬೋರ್ಡ್ ಮೇಲೆ ಆಗಿ, ಏರುವ ಬಿಸಿ ಬೋರ್ಡಿನತ್ತಲೇ ಹೋಗುತ್ತದೆ. ಎಂಜಿನ್ ಕೋಣೆಯ ಮಾತೇ ಬೇಡ.

ಸಬ್‌ವೂಫರ್ (ಬೇಸ್ ದನಿಯ ದೊಡ್ಡ ಸ್ಪೀಕರ್) ಬಾಕ್ಸಿನ ಮೇಲೆ ಆಂಪನ್ನು ಸ್ಕ್ರೂ ಹೊಡೆದು ಕೂರಿಸುವುದು ತುಂಬ ಕಡೆ ಕಾಣುವ ತಪ್ಪು. ಬೇಸ್ ಬಡಿದಾಗಲೆಲ್ಲ ಮರ ನಡುಗುತ್ತದೆ, ಆಂಪ್ ಒಳಗಿನ ದೊಡ್ಡ ಕೆಪಾಸಿಟರ್‌ಗಳ ಬೆಸುಗೆ ಕ್ರಮೇಣ ಬಿರುಕು ಬಿಡಬಹುದು, ಟರ್ಮಿನಲ್ ಸ್ಕ್ರೂ ಸಡಿಲಾಗಬಹುದು. ಬೇರೆ ದಾರಿಯೇ ಇಲ್ಲದಿದ್ದರೆ ನಡುವೆ ರಬ್ಬರ್ ಬುಷ್ ಹಾಕಿ.

4. ವೈರ್ ದಾರಿ ಹಾಕಿದ ಮೇಲೆ ಜಾಗ ಖಚಿತಪಡಿಸಿ

ಆಂಪ್ ಡಿಕ್ಕಿಯಲ್ಲಿ, ಬ್ಯಾಟರಿ ಮುಂದೆ ಇದ್ದರೆ ಪವರ್ ವೈರ್ 5 ಮೀಟರ್ ಆಗುವುದು ಸಾಮಾನ್ಯ. 50 ಆಂಪಿಯರ್ ಹರಿಯುವಾಗ 16 ಚದರ ಮಿ.ಮೀ. ತಾಮ್ರದ ವೈರ್‌ನಲ್ಲಿ ಸುಮಾರು 0.27 ವೋಲ್ಟ್ ಕಳೆದುಹೋಗುತ್ತದೆ. 8 ಚದರ ಮಿ.ಮೀ. ವೈರ್‌ನಲ್ಲಿ ಅದರ ಎರಡು ಪಟ್ಟು. ತಾಮ್ರ ಲೇಪಿಸಿದ ಅಲ್ಯುಮಿನಿಯಂ ವೈರ್ ಅಗ್ಗ, ಆದರೆ ಅದೇ ದಪ್ಪಕ್ಕೆ ನಷ್ಟ ಇನ್ನೂ ಹೆಚ್ಚು. ಬ್ಯಾಟರಿಯಿಂದ 45 ಸೆಂ.ಮೀ. ಒಳಗೆ ಫ್ಯೂಸ್ ಇರಲೇಬೇಕು. ಅದು ಕಾಯುವುದು ವೈರನ್ನು, ಆಂಪನ್ನಲ್ಲ. ವೈರ್ ತಾಳುವ ಕರೆಂಟಿಗಿಂತ ದೊಡ್ಡ ಫ್ಯೂಸ್ ಹಾಕಿದರೆ ಬಾಡಿಗೆ ಉಜ್ಜಿ ಶಾರ್ಟ್ ಆದಾಗ ಫ್ಯೂಸಿಗಿಂತ ಮೊದಲು ವೈರ್ ಉರಿಯುತ್ತದೆ.

ಪವರ್ ವೈರ್ ಕಾರಿನ ಒಂದು ಬದಿಯಲ್ಲಿ ಹೋದರೆ ಸ್ಟೀರಿಯೋದಿಂದ ಆಂಪ್‌ಗೆ ಹಾಡಿನ ಸಿಗ್ನಲ್ ತರುವ ಆರ್‌ಸಿಎ ಕೇಬಲ್ ಇನ್ನೊಂದು ಬದಿಯಲ್ಲಿ ಹೋಗಲಿ. ಅಡ್ಡ ಹಾಯಲೇಬೇಕಾದ ಕಡೆ ಲಂಬವಾಗಿ ಹಾಯಿಸಿ.

ಗ್ರೌಂಡ್ ವೈರ್ 45 ಸೆಂ.ಮೀ. ಮೀರದ ಜಾಗವನ್ನೇ ಆರಿಸಿ. ಅದು ಪವರ್ ವೈರಿನಷ್ಟೇ ದಪ್ಪ ಇರಲಿ. ಬಾಡಿಯ ಗಟ್ಟಿ ಉಕ್ಕಿನ ಮೇಲಿನ ಬಣ್ಣವನ್ನು ಉಪ್ಪುಕಾಗದದಿಂದ ತಿಕ್ಕಿ ಲೋಹ ಹೊಳೆಯುವಂತೆ ಮಾಡಿ, ಲಗ್ (ವೈರ್ ತುದಿಯ ಲೋಹದ ಬಳೆ) ಇಟ್ಟು ಬೋಲ್ಟ್ ಬಿಗಿದು, ಮೇಲೆ ಬಣ್ಣ ಬಳಿಯಿರಿ. ಸೀಟ್ ಬೆಲ್ಟಿನ ಬೋಲ್ಟನ್ನು ಇದಕ್ಕೆ ಬಳಸಬೇಡಿ. ಎಂಜಿನ್ ವೇಗದ ಜೊತೆಗೆ ಏರುವ ಕುಂಯ್ ಎಂಬ ಸದ್ದು ಸ್ಪೀಕರಿನಲ್ಲಿ ಕೇಳಿದರೆ ಮೊದಲು ಈ ಜಾಗವನ್ನೇ ಬಿಚ್ಚಿ ನೋಡಿ.

5. ತೂತು ಕೊರೆಯುವ ಮುನ್ನ ಕಾರಿನ ಕೆಳಗೆ ಇಣುಕಿ

ಡಿಕ್ಕಿಯ ನೆಲದ ಕೆಳಗೆ, ಹಿಂದಿನ ಸೀಟಿನ ಕೆಳಗೆ ಇಂಧನದ ಟ್ಯಾಂಕ್, ಇಂಧನದ ಕೊಳವೆ, ಬ್ರೇಕ್ ಕೊಳವೆ ಇರಬಹುದು. ಹೈಬ್ರಿಡ್ ಕಾರಿನಲ್ಲಿ ಕಿತ್ತಳೆ ಬಣ್ಣದ (ಹೆಚ್ಚು ವೋಲ್ಟೇಜಿನ) ಕೇಬಲ್ ಕಂಡರೆ ಅತ್ತ ಡ್ರಿಲ್ ಒಯ್ಯಬೇಡಿ. ಸಾಧ್ಯವಾದರೆ ಬಾಡಿಗೆ ತೂತನ್ನೇ ಹಾಕದೆ 12 ಮಿ.ಮೀ. ಪ್ಲೈವುಡ್ ಹಲಗೆಯನ್ನು ಇರುವ ಬೋಲ್ಟ್‌ಗಳಿಗೆ ಸಿಕ್ಕಿಸಿ, ಆಂಪನ್ನು ಹಲಗೆಗೆ ಬಿಗಿಯಿರಿ. ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಬೇಡ, ಅದು ನೀರು ಕುಡಿದರೆ ಉಬ್ಬಿ ಸ್ಕ್ರೂ ಬಿಡುತ್ತದೆ. ಕೊರೆಯಲೇಬೇಕಾದರೆ ಡ್ರಿಲ್ ಬಿಟ್ಟಿಗೆ ಮರದ ತುಂಡು ಪೋಣಿಸಿ, ತುದಿ 5–6 ಮಿ.ಮೀ. ಮಾತ್ರ ಹೊರಗಿರುವಂತೆ ಮಾಡಿಕೊಳ್ಳಿ.

6. ಮುಚ್ಚುವ ಮೊದಲು ಒಂದು ಗಂಟೆ ಹಾಡಿಸಿ

ಹೊದಿಕೆ, ಮ್ಯಾಟ್ ಎಲ್ಲ ಅವುಗಳ ಜಾಗದಲ್ಲಿಟ್ಟು, ಸ್ಕ್ರೂ ಮಾತ್ರ ಬಿಗಿಯದೆ, ಎಂಜಿನ್ ಚಾಲೂ ಇಟ್ಟು ಬಯಲಿನಲ್ಲಿ ನಿಮ್ಮ ಮಾಮೂಲಿ ದನಿಯಲ್ಲಿ ಹಾಡಿಸಿ. ಪ್ರತಿ 20 ನಿಮಿಷಕ್ಕೊಮ್ಮೆ ಆಂಪ್ ಮೈ ಮೇಲೆ ಅಂಗೈ ಇಡಿ. ಹತ್ತು ಎಣಿಸುವವರೆಗೆ ಕೈ ಇಡಬಹುದಾದರೆ ಜಾಗ ಸರಿಯಾಗಿದೆ. ಮುಟ್ಟಿದ ಕೂಡಲೇ ಕೈ ಹಿಂದೆ ಬಂದರೆ ಮೈ ಸುಮಾರು 60 ಡಿಗ್ರಿ ದಾಟಿದೆ ಎಂದರ್ಥ. ಆಗ ಮೊದಲು ಮೇಲಿನ ಅಂತರ ಹೆಚ್ಚಿಸಿ ನೋಡಿ, ಆಮೇಲೆ 12 ವೋಲ್ಟಿನ 80 ಮಿ.ಮೀ. ಫ್ಯಾನ್ ಒಂದನ್ನು ರೆಕ್ಕೆಗಳ ಉದ್ದಕ್ಕೆ ಗಾಳಿ ಬೀಸುವಂತೆ ಇಡಿ. ಫ್ಯಾನಿಗೆ ಪವರನ್ನು ಸ್ಟೀರಿಯೋದಿಂದ ಬರುವ ರಿಮೋಟ್ ವೈರಿನಿಂದ ನೇರವಾಗಿ ಕೊಡದೆ ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಚಾಲೂ ಮಾಡುವ ಸ್ವಿಚ್) ಮೂಲಕ ಕೊಡಿ; ಆ ತೆಳು ವೈರ್ ಇರುವುದು ಆಂಪನ್ನು ಎಬ್ಬಿಸಲು ಮಾತ್ರ.