ಸತ್ತವರ ಮನೆಯಲ್ಲಿ ಯಾವ ಪದ ಬೇಡ?

ನಮ್ಮ ಕಡೆ ಯಾರಾದರೂ ತೀರಿಕೊಂಡರೆ 'ಮಣ್ಣಿಗೆ ಹೋಗಬೇಕು' ಅನ್ನುತ್ತಾರೆ. ಭಜನಾ ಮೇಳದವರು ಮಾತ್ರ ಹಿಂದಿನ ರಾತ್ರಿಯೇ ಹೋಗಿ ಕೂರಬೇಕು. ಧಾರವಾಡ ಜಿಲ್ಲೆಯ ಒಂದು ಹಳ್ಳಿಯಲ್ಲಿ 27 ವರ್ಷದಿಂದ ನಾನು ಈ ಕೆಲಸ ಮಾಡುತ್ತಿದ್ದೇನೆ. ಏಳು ಜನ ಇದ್ದೇವೆ. ಒಂದು ಪೇಟಿ, ಅಂದರೆ ಹಾರ್ಮೋನಿಯಂ, ತಬಲಾ, ದಮ್ಮಡಿ, ಉಳಿದವರ ಕೈಯಲ್ಲಿ ತಾಳ. ದುಡ್ಡು ತೆಗೆದುಕೊಳ್ಳುವುದಿಲ್ಲ. ಸತ್ತ ಮನೆಯಲ್ಲಿ ಒಲೆ ಹಚ್ಚುವುದಿಲ್ಲ ಅಲ್ವಾ, ಚಹಾ ಪಕ್ಕದ ಮನೆಯಿಂದ ಬರುತ್ತದೆ. ಅಷ್ಟೇ ನಮ್ಮ ಸಂಬಳ.

ನಾವು ಜಾಸ್ತಿ ಹೋಗುವುದು ಲಿಂಗಾಯತರ ಮನೆಗಳಿಗೆ. ತೀರಿಕೊಂಡವರನ್ನು ಗೋಡೆಗೆ ಒರಗಿಸಿ ಕೂರಿಸಿರುತ್ತಾರೆ. ಹಣೆಗೆ ವಿಭೂತಿ, ಕೊರಳಲ್ಲಿ ಹೂವಿನ ಹಾರ. ನಾವು ಎದುರಿಗೇ ಕೂತು ಹಾಡುತ್ತೇವೆ. ಮೊದಮೊದಲು ನನಗೆ ಅವರ ಮುಖ ನೋಡಲು ಆಗುತ್ತಿರಲಿಲ್ಲ. ತಾಳ ನೋಡಿಕೊಂಡು ಹಾಡುತ್ತಿದ್ದೆ.

ನಾವು ಹಾಡುವ ಹಾಡಿಗೆ ಪದ ಅನ್ನುತ್ತೇವೆ. ಪದ ಆರಿಸುವುದನ್ನು ನನಗೆ ಯಾರೂ ಕೂರಿಸಿಕೊಂಡು ಹೇಳಿಕೊಡಲಿಲ್ಲ. ತಪ್ಪು ಮಾಡಿ ಮಾಡಿ ಕಲಿತೆ. ಮೇಳ ಸೇರಿದ ಎರಡನೇ ವರ್ಷ, ಜೋರು ಮಳೆಗಾಲ. ಒಂದು ಮಣ್ಣಿನ ಮನೆಯ ಗೋಡೆ ಕುಸಿದು ಮುದುಕಿಯೊಬ್ಬಳು ತೀರಿಕೊಂಡಿದ್ದಳು. ಅವಳನ್ನು ಅವಳ ತಮ್ಮನ ಮನೆಯಲ್ಲಿ ಕೂರಿಸಿದ್ದರು. ನಾನು ರೂಢಿಯಂತೆ ಶಿಶುನಾಳ ಶರೀಫರ 'ಸೋರುತಿಹುದು ಮನೆಯ ಮಾಳಿಗಿ' ಎತ್ತಿಕೊಂಡೆ. ಸತ್ತವರ ಮನೆಯಲ್ಲಿ ಅದನ್ನು ಹಾಡದ ಮೇಳವೇ ನಮ್ಮ ಕಡೆ ಇಲ್ಲ. ಮಾಳಿಗೆ ಅಂದರೆ ದೇಹ, ಅದು ಎಲ್ಲರಿಗೂ ಗೊತ್ತು. ಆದರೆ ಆ ರಾತ್ರಿ ಆ ಮನೆಯವರಿಗೆ ಮಾಳಿಗೆ ಅಂದರೆ ಮಾಳಿಗೆಯೇ. ಪೇಟಿ ಮಾಸ್ತರರು ಪೇಟಿ ಬಾರಿಸುವುದನ್ನೇ ನಿಲ್ಲಿಸಿಬಿಟ್ಟರು. ಯಾಕೆ ಅಂತ ತಿಳಿಯುವಷ್ಟರಲ್ಲಿ ಪಲ್ಲವಿ ಮುಗಿದಿತ್ತು. ಹೊರಗೆ ಇನ್ನೂ ಮಳೆ ಹೊಡೆಯುತ್ತಿತ್ತು. ಆ ಮನೆಯವರು ಒಂದು ಮಾತೂ ಆಡಲಿಲ್ಲ. ಆಡಿದ್ದರೆ ಚೆನ್ನಾಗಿತ್ತು.

ಆಮೇಲೆ ನಾನು ಪದದ ಅರ್ಥ ನೋಡುವುದಕ್ಕಿಂತ ಮೊದಲು ಮನೆ ನೋಡುವುದನ್ನು ಕಲಿತೆ.

ರಾತ್ರಿಯಲ್ಲೂ ಒಂದೊಂದು ಹೊತ್ತಿಗೆ ಒಂದೊಂದು. ಹತ್ತು ಗಂಟೆಗೆ ಅಂಗಳ ತುಂಬ ಜನ. ಆಗ ಎಲ್ಲರಿಗೂ ಗೊತ್ತಿರುವ, ಹಿಂದಿನಿಂದ ದನಿ ಕೂಡಿಸಬಹುದಾದ ಪದಗಳು. ಹನ್ನೆರಡರ ಮೇಲೆ ಬಂದವರು ತೂಕಡಿಸುತ್ತಾರೆ. ಎಚ್ಚರ ಇರುವವರು ಹೆಂಡತಿ, ಹಿರಿಯ ಮಗ, ಮತ್ತೆ ಎಲ್ಲೋ ಮೂಲೆಯಲ್ಲಿ ಒಬ್ಬ ಹಳೆಯ ಗೆಳೆಯ. ತತ್ವಪದ ಹಾಡುವ ಹೊತ್ತು ಅದು. ಕಡಕೋಳ ಮಡಿವಾಳಪ್ಪನವರಂಥವರದು. ದಮ್ಮಡಿ ಬಿಟ್ಟು, ಬರೀ ಏಕತಾರಿ ಮೇಲೆ, ನಿಧಾನ. ಬೆಳಿಗ್ಗೆ ಎತ್ತುವಾಗ ಹಲಗಿ ಸದ್ದಿನಲ್ಲಿ ಯಾವ ಪದವೂ ಕೇಳಿಸುವುದಿಲ್ಲ. ಆಗ ಸುಮ್ನೆ ಶಿವನಾಮ. ಅಲ್ಲಿ ಒಳ್ಳೆಯ ಪದ ಹಾಳು ಮಾಡಬಾರದು.

ನಡುವೆ ಒಂದು ಸಂದರ್ಭದಲ್ಲಿ ಮಾತ್ರ, ಯಾವ ಪದ ನಡೆದಿದ್ದರೂ ಅರ್ಧಕ್ಕೇ ನಿಲ್ಲಿಸುತ್ತೇವೆ. ಕೊಟ್ಟ ಮನೆಯಿಂದ ಮಗಳು ಬಂದಾಗ. ನಮ್ಮ ಹೆಣ್ಣುಮಕ್ಕಳು ಹಾಡಿಕೊಂಡು ಅಳುತ್ತಾರೆ. ಅಪ್ಪ ಸಂತೆಯಿಂದ ತಂದ ಬಳೆ, ಹಬ್ಬಕ್ಕೆ ಕರೆಯಲು ಬರುತ್ತಿದ್ದ ಚಕ್ಕಡಿ, ಎಲ್ಲಾ ಅದರಲ್ಲಿ ಬರುತ್ತವೆ. ಅದರ ಮುಂದೆ ನಮ್ಮ ಪದ ಏನು?

ಮಟ್ಟಿನ, ಅಂದರೆ ಹಾಡುವ ಧಾಟಿಯ, ಮಾತು ಒಂದಿದೆ. 1990ರಲ್ಲಿ ನಾಗಾಭರಣರು ಶರೀಫರ ಮೇಲೆ ಸಿನಿಮಾ ಮಾಡಿದರು, ಸಂಗೀತ ಸಿ. ಅಶ್ವತ್ಥ್ ಅವರದು. ಆಮೇಲೆ ಹುಟ್ಟಿದ ಹುಡುಗರಿಗೆ ಶರೀಫರ ಪದ ಅಂದರೆ ಅಶ್ವತ್ಥ್ ಅವರ ದನಿಯೇ. ಆದರೆ ಶರೀಫರು ತೀರಿಕೊಂಡಿದ್ದು 1889ರಲ್ಲಿ. ನೂರು ವರ್ಷ ಆ ಪದಗಳು ಊರೂರಿನ ಭಜನೆಯಲ್ಲಿ ಬೇರೆ ಬೇರೆ ಮಟ್ಟಿನಲ್ಲೇ ಬದುಕಿದ್ದವು. ಎಂಬತ್ತು ವರ್ಷದ ಅಜ್ಜ ತೀರಿಕೊಂಡರೆ ಯಾವುದನ್ನು ಹಾಡಬೇಕು? ಮೊಮ್ಮಕ್ಕಳಿಗೆ ಗೊತ್ತಿರುವುದು ಒಂದು, ಅಜ್ಜಿಗೆ ಗೊತ್ತಿರುವುದು ಇನ್ನೊಂದು. ಹತ್ತರಿಂದ ಮೂವತ್ತು ವರ್ಷದೊಳಗೆ ಕಿವಿಗೆ ಬಿದ್ದ ಹಾಡುಗಳೇ ಮನುಷ್ಯನಿಗೆ ಗಟ್ಟಿಯಾಗಿ ನೆನಪಿರುತ್ತವಂತೆ. ಕಾಲೇಜಿನಲ್ಲಿ ಮನಶ್ಶಾಸ್ತ್ರ ಓದುವ ನನ್ನ ಅಕ್ಕನ ಮೊಮ್ಮಗ ಹೇಳಿದ. ನನಗೆ ಅದು ಹೊಸ ಸುದ್ದಿ ಏನಲ್ಲ. ಹಳೆಯ ಮಟ್ಟು ಎತ್ತಿದ ಕೂಡಲೇ, ಅಲ್ಲಿಯವರೆಗೆ ಕಲ್ಲಿನಂತೆ ಕೂತಿದ್ದ ಅಜ್ಜಿಯ ಬೆರಳು ತೊಡೆಯ ಮೇಲೆ ತಾಳ ಹಾಕುವುದನ್ನು ಎಷ್ಟೋ ಸಲ ನೋಡಿದ್ದೇನೆ. ಹಾಗಾಗಿ ನಡುರಾತ್ರಿ ಹಳೆಯದು, ಹುಡುಗರು ಎಚ್ಚರ ಇರುವಾಗ ಹೊಸದು.

ಇಷ್ಟೆಲ್ಲಾ ಕಲಿತ ಮೇಲೆ ನನಗೆ ಸ್ವಲ್ಪ ಸೊಕ್ಕು ಬಂದಿತ್ತು ಅನ್ನಿ. ಹೋದ ಮನೆಯಲ್ಲೆಲ್ಲ, 'ಅವರಿಗೆ ಯಾವ ಪದ ಇಷ್ಟ ಇತ್ತು?' ಅಂತ ಕೇಳಿ ಅದನ್ನೇ ಮುದ್ದಾಂ ಹಾಡುತ್ತಿದ್ದೆ. ಜನ ಅಳುತ್ತಿದ್ದರು. ಕೆಲಸ ಸರಿಯಾಗಿ ಆಯಿತು ಅಂದುಕೊಳ್ಳುತ್ತಿದ್ದೆ.

ಒಮ್ಮೆ ಜಾತ್ರೆಯಲ್ಲಿ ಒಬ್ಬ ಹೆಣ್ಣುಮಗಳು ಸಿಕ್ಕಳು. ಮೂರು ವರ್ಷದ ಹಿಂದೆ ಅವಳ ಅಪ್ಪನ ಮಣ್ಣಿಗೆ ಹಾಡಿದ್ದೆವು. ಗುಡಿಯಲ್ಲಿ ಯಾರೋ ಅದೇ ಪದ ಹಾಡುತ್ತಿದ್ದರು. ಅವಳು ಹೊರಗೆ ಬಂದು ನಿಂತಿದ್ದಳು.

"ಕಾಕಾ, ಒಂದ್ ಮಾತ್ ಹೇಳ್ತೀನಿ, ಸಿಟ್ಟಾಗಬ್ಯಾಡ್ರಿ. ಈ ಪದ ನೀವು ಅವತ್ತ ಹಾಡಬಾರದಿತ್ರಿ. ಅಪ್ಪ ಹೊಲದಾಗ ಗಳೆ ಹೊಡಿವಾಗ ಹಾಡ್ತಿದ್ದ. ಮೊದ್ಲ ಇದನ್ನ ಕೇಳಿದ್ರ ಹೊಲ ಕಾಣ್ತಿತ್ತು. ಈಗ ಗ್ವಾಡಿಗೆ ಕುಂದರ್ಸಿದ್ದ ಅಪ್ಪನ ಕಾಣ್ತಾನ್ರಿ."

ನನಗೆ ಉತ್ತರ ಹೊಳೆಯಲಿಲ್ಲ. ಅವಳ ಕೂಸಿನ ಕೈಗೆ ಹತ್ತು ರೂಪಾಯಿ ಕೊಟ್ಟು ಬಂದೆ. ಎಂಥ ದಡ್ಡ ಕೆಲಸ.

ಈಗ ಪ್ರಶ್ನೆ ಬದಲಾಯಿಸಿದ್ದೇನೆ. ಗಂಡಸರನ್ನು ಕೇಳುವುದಿಲ್ಲ, ಅವರು 'ಯಾವುದಾರ ಹಾಡ್ರಿ' ಅಂದುಬಿಡುತ್ತಾರೆ. ಒಳಗಿನ ಹಿರಿಯ ಹೆಣ್ಣುಮಗಳನ್ನು ಪಕ್ಕಕ್ಕೆ ಕರೆದು, 'ಯವ್ವಾ, ಯಾವ ಪದ ಬ್ಯಾಡ?' ಅನ್ನುತ್ತೇನೆ. ಮೊದಲು ಅರ್ಥವಾಗುವುದಿಲ್ಲ. ಆಮೇಲೆ ಒಂದು ಹೆಸರು ಬರುತ್ತದೆ. ಆ ಪದವನ್ನು ನಾವು ಅಲ್ಲಿ ಎತ್ತುವುದಿಲ್ಲ. ಕೆಲವರು ಇಲ್ಲ, ಅದನ್ನೇ ಹಾಡಿ ಅನ್ನುತ್ತಾರೆ. ಆಗ ಹಾಡುತ್ತೇವೆ. ಅದು ಅವರ ಪದ.

ಎರಡು ವರ್ಷದ ಹಿಂದೆ ನಮ್ಮ ಅವ್ವ ತೀರಿಕೊಂಡಳು. ಮೇಳದವರು ಬಂದು ಕೂತರು. ಪೇಟಿ ಮಾಸ್ತರರು ನನ್ನ ಮುಖ ನೋಡಿದರು. ನಾನು ಏನೂ ಹೇಳಲಿಲ್ಲ, ಹೇಳುವ ಅಗತ್ಯವೂ ಇರಲಿಲ್ಲ. ಅವ್ವ ಬೀಸುವಾಗ ಹಾಡುತ್ತಿದ್ದ ಒಂದು ಪದ ಇತ್ತು, ಅದನ್ನು ನಾನು ಮೇಳದಲ್ಲಿ ಯಾರಿಗೂ ಕಲಿಸಿರಲಿಲ್ಲ. ಉಳಿದದ್ದೆಲ್ಲಾ ಹಾಡಿದರು. ನಾನು ಅವತ್ತು ತಾಳ ಹಿಡಿಯಲಿಲ್ಲ.

ಮೊನ್ನೆ ಮೊಮ್ಮಗಳನ್ನು ತೊಟ್ಟಿಲಲ್ಲಿ ತೂಗುವಾಗ ಆ ಪದ ತಾನಾಗಿಯೇ ಬಂತು. ಬೀಸುವ ಕಲ್ಲು, ಹಿಟ್ಟಿನ ವಾಸನೆ, ಅವ್ವನ ಬೆನ್ನು, ಎಲ್ಲಾ ಇದ್ದವು. ಆದರೆ ಎರಡನೇ ನುಡಿ ಬರಲಿಲ್ಲ. ಎಷ್ಟು ತಡಕಾಡಿದರೂ ಬರಲಿಲ್ಲ. ಮೇಳಕ್ಕೆ ಕಲಿಸಿದ್ದರೆ ಆರು ಜನರಲ್ಲಿ ಒಬ್ಬನಾದರೂ ಹೇಳುತ್ತಿದ್ದ. ಅಕ್ಕನಿಗೆ ಫೋನ್ ಮಾಡಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, ಫೋನಿನಲ್ಲೇ ಸಣ್ಣಗೆ ಹಾಡಿದಳು. ಅವಳಿಗೆ ಮೂರನೆಯದು ಗೊತ್ತಿತ್ತು. ಎರಡನೆಯದು ಅವಳಿಗೂ ಇಲ್ಲ.